ಉಳಿಸಿಕೊಂಡ ಮೂರು ಗ್ರಂಥಗಳು

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಮೇಲೆ ಮನೆಯ ಪುಸ್ತಕಗಳನ್ನೆಲ್ಲ ದಾನವಿತ್ತೆ. ಮೂರನ್ನು ಮಾತ್ರ ಬಿಡಲಾಗಲಿಲ್ಲ. ಇತಿಹಾಸದಲ್ಲಿ, ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಸಂಪುಟ: ಸಲ್ಲೇಖನದಿಂದ ದೇಹ ತೊರೆದವರ ಹೆಸರುಗಳು ಅಲ್ಲಿ ಕಲ್ಲಿನಲ್ಲಿ ಉಳಿದಿವೆ. ಕಥಾಸಾಹಿತ್ಯದಲ್ಲಿ, ಉಪಸರ್ಗಗಳನ್ನು ಸಹಿಸಿದ ಮಹಾಪುರುಷರ 19 ಕಥೆಗಳ ‘ವಡ್ಡಾರಾಧನೆ’. ವ್ಯಾಪಾರದಲ್ಲಿ, ಜೈನ ವರ್ತಕ ಬನಾರಸೀದಾಸನು 1641ರಲ್ಲಿ ಆಗ್ರಾದಲ್ಲಿ ಬರೆದ ‘ಅರ್ಧಕಥಾನಕ’. 110 ವರ್ಷಗಳ ಪೂರ್ಣಾಯುಷ್ಯದಲ್ಲಿ 55ರವರೆಗಿನ ಆತ್ಮಕಥೆ. ಕೈ ಬರಿದಾದಾಗ ಕಚೋರಿಯವನು ತಿಂಗಳುಗಟ್ಟಲೆ ಸಾಲ ಕೊಟ್ಟುದನ್ನೂ, ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಂದೂ ಉಳಿಯದುದನ್ನೂ ಅವನು ಮರೆಮಾಚಲಿಲ್ಲ. ಲಾಭದಷ್ಟೇ ನಿಷ್ಠೆಯಿಂದ ನಷ್ಟವನ್ನೂ ಬರೆದಿಟ್ಟನು.

ಮೂರೂ ಬಿಡುವುದನ್ನೇ ಕಲಿಸುವ ಗ್ರಂಥಗಳು. ಅವನ್ನೇ ಬಿಡಲಾರದ ನನ್ನ ಓದು ಇನ್ನೂ ಅರ್ಧಕಥೆಯೇ.