ನಾಲ್ವರ ಸಂವಾದ

ನಮ್ಮ ಸಂಗೀತ ಕಚೇರಿಯಲ್ಲಿ ಪ್ರಧಾನರು ಯಾರೆಂಬುದು ಮಕ್ಕಳಿಗೂ ಗೊತ್ತು. ಹಾಡುವವರು ವೇದಿಕೆಯ ನಡುವೆ ಕುಳಿತಿರುತ್ತಾರೆ. ಪಿಟೀಲು ಅವರನ್ನು ನೆರಳಿನಂತೆ ಅನುಸರಿಸುತ್ತದೆ, ಮೃದಂಗ ನಡೆಯನ್ನು ಕಾಯುತ್ತದೆ, ತಂಬೂರಿ ಶ್ರುತಿಯನ್ನು ಹಿಡಿದಿರುತ್ತದೆ. ಇಂತಹ ಏರ್ಪಾಟಿನಲ್ಲಿ ಬೆಳೆದ ಕಿವಿ ಯಾವ ಸಂಗೀತವನ್ನು ಕೇಳಿದರೂ ಮೊದಲು ಹುಡುಕುವುದು ಆ ಪ್ರಧಾನರನ್ನೇ. ಐವತ್ತು ದಾಟಿದ ಮೇಲೆ ನಾನು ಪಾಶ್ಚಾತ್ಯರ ‘ಸ್ಟ್ರಿಂಗ್ ಕ್ವಾರ್ಟೆಟ್’, ಅಂದರೆ ತಂತಿವಾದ್ಯ ಚತುಷ್ಟಯವನ್ನು ಕೇಳತೊಡಗಿದಾಗ ನನ್ನ ಕಿವಿಯೂ ಹಾಗೆಯೇ ಹುಡುಕಿತು. ಆದರೆ ಅಲ್ಲಿ ಪ್ರಧಾನರು ಯಾರು?

ಈ ಗೋಷ್ಠಿಯಲ್ಲಿರುವವರು ನಾಲ್ವರು. ಇಬ್ಬರು ಪಿಟೀಲು ನುಡಿಸುತ್ತಾರೆ. ಮೂರನೆಯವರದು ವಯೋಲ, ರೂಪದಲ್ಲಿ ಪಿಟೀಲಿನಂತೆಯೇ, ಗಾತ್ರದಲ್ಲಿ ತುಸು ದೊಡ್ಡದು, ದನಿಯಲ್ಲಿ ತಗ್ಗಿನದು. ನಾಲ್ಕನೆಯದು ಚೆಲೊ, ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಗಂಭೀರ ಕಂಠದ ವಾದ್ಯ. ತಲಾ ನಾಲ್ಕರಂತೆ ಒಟ್ಟು 16 ತಂತಿಗಳು. ತಾಳ ಹಾಕುವವರಿಲ್ಲ, ಕೈಸನ್ನೆಯಿಂದ ನಡೆಸುವ ನಿರ್ದೇಶಕರೂ ಇಲ್ಲ.

ಈ ಸಂಗೀತದ ಬಾಲ್ಯವೂ ಸ್ವಾರಸ್ಯವಾದುದು. 1750ರ ದಶಕದಲ್ಲಿ ಆಸ್ಟ್ರಿಯದ ಶ್ರೀಮಂತನೊಬ್ಬನ ಮನೆಯಲ್ಲಿ ಊರ ಪಾದ್ರಿ, ಜಮೀನಿನ ಪಾರುಪತ್ಯಗಾರ, ಒಬ್ಬ ಸಂಗೀತಗಾರ, ಇವರೊಡನೆ ತರುಣ ಜೋಸೆಫ್ ಹೈಡನ್, ಹೀಗೆ ನಾಲ್ವರು ಕಲೆತು ನುಡಿಸುತ್ತಿದ್ದರಂತೆ. ಅವರಿಗಾಗಿಯೇ ಹೈಡನ್ ತನ್ನ ಮೊದಲ ಚತುಷ್ಟಯಗಳನ್ನು ರಚಿಸಿದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. 1785ರಲ್ಲಿ ಮೊಜಾರ್ಟ್ ತನ್ನ ಆರು ಚತುಷ್ಟಯಗಳನ್ನು ಪ್ರಕಟಿಸಿ ಹಿರಿಯನಾದ ಹೈಡನ್ನನಿಗೆ ಅರ್ಪಿಸಿದನು. 1829ರಲ್ಲಿ ಜರ್ಮನಿಯ ಕವಿ ಗಯಟೆ ಈ ಸಂಗೀತವನ್ನು ನಾಲ್ವರು ವಿವೇಕಿಗಳ ಸಂಭಾಷಣೆಗೆ ಹೋಲಿಸಿದನು.

ಈ ಹೋಲಿಕೆಯೇ ನನಗೆ ದಾರಿ ತೋರಿತು. ಒಂದೇ ಧ್ವನಿಮುದ್ರಿಕೆಯನ್ನು ನಾಲ್ಕು ಸಂಜೆ ಕೇಳಿದೆ. ಮೊದಲ ಸಂಜೆ ಮೊದಲ ಪಿಟೀಲಿನ ಜಾಡು ಹಿಡಿದೆ, ಮರುದಿನ ಚೆಲೊ, ಅದರ ಮರುದಿನ ಎರಡನೆಯ ಪಿಟೀಲು. ವಯೋಲವನ್ನು ಕೊನೆಗೆ ಉಳಿಸಿಕೊಂಡೆ. ಅದು ಉಳಿದ ದನಿಗಳ ನಡುವೆ ಅಡಗಿ ನಡೆಯುತ್ತದೆ. ಪ್ರಯತ್ನಪಟ್ಟು ಅದನ್ನು ಹಿಂಬಾಲಿಸಿದಾಗ, ಅದು ಸುಮ್ಮನಾದ ಎಡೆಯಲ್ಲೆಲ್ಲ ಸಂಭಾಷಣೆಯ ಮೈ ಸೊರಗುವುದು ತಿಳಿಯಿತು. ಅಂದಿನಿಂದ ಪ್ರಧಾನರನ್ನು ಹುಡುಕುವುದನ್ನು ಬಿಟ್ಟೆ.

ಕೆಲವು ತಿಂಗಳ ಬಳಿಕ ವಿದೇಶದಿಂದ ಬೆಂಗಳೂರಿಗೆ ಬಂದಿದ್ದ ತಂಡವೊಂದನ್ನು ಎದುರು ಕುಳಿತು ಕೇಳುವ ಸುಯೋಗ ಒದಗಿತು. ಚಿಕ್ಕ ಸಭಾಂಗಣ, ಧ್ವನಿವರ್ಧಕವಿರಲಿಲ್ಲ. ಆರಂಭಕ್ಕೆ ಮುನ್ನ ನಾಲ್ವರೂ ಒಟ್ಟಾಗಿ ಉಸಿರೆಳೆದುಕೊಂಡುದು ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಒಬ್ಬರ ನುಡಿ ಮೇಲೇಳುವಾಗ ಉಳಿದವರು ಕಮಾನಿನ ಭಾರವನ್ನು ಇಳಿಸಿ ಎಡೆಮಾಡಿಕೊಡುತ್ತಿದ್ದರು. ಕಣ್ಣುಗಳು ಬರೆದ ಸ್ವರಗಳಿಂದೆದ್ದು ಪರಸ್ಪರ ಕೂಡಿ ಮತ್ತೆ ಹಾಳೆಗೆ ಇಳಿಯುತ್ತಿದ್ದವು. ನುಡಿಸುವುದರಷ್ಟೇ ಶ್ರದ್ಧೆಯಿಂದ ಅವರು ಕೇಳುತ್ತಿದ್ದರು.

ಅಂದು ಅವರು ನುಡಿಸಿದುದು ಬೀಥೋವನ್ 1825ರಲ್ಲಿ ರಚಿಸಿದ, 132ನೆಯ ಸಂಖ್ಯೆಯ ಕೃತಿ. ಆ ವರ್ಷ ಅವನು ಕಠಿಣವಾದ ಕಾಯಿಲೆಯಿಂದ ಎದ್ದಿದ್ದನು. ಗುಣಮುಖನಾದವನು ದೈವಕ್ಕೆ ಸಲ್ಲಿಸುವ ಕೃತಜ್ಞತೆಯ ಗೀತವೆಂದು ಅದರ ವಿಳಂಬ ಭಾಗಕ್ಕೆ ತಾನೇ ತಲೆಬರಹವಿತ್ತನು. ಆ ಗೀತ ಲಿಡಿಯನ್ ಎಂಬ ಹಳೆಯ ಸ್ವರಕ್ರಮದಲ್ಲಿದೆ. ಅದರ ಏಳು ಸ್ವರಗಳು ನಮ್ಮ ಕಲ್ಯಾಣಿಯ ಏಳು ಸ್ವರಗಳೇ. ಗಮಕವಿಲ್ಲ, ರಾಗದ ಸಂಚಾರವಿಲ್ಲ. ಆದರೂ ಆ ಪ್ರತಿಮಧ್ಯಮ ಮೂಡಿದಾಗ ಪರಿಚಿತರೊಬ್ಬರನ್ನು ದೂರದ ಊರಿನಲ್ಲಿ ಕಂಡಂತಾಯಿತು.

ಈ ಕೃತಿಯನ್ನು ಬರೆಯುವ ಹೊತ್ತಿಗೆ ಬೀಥೋವನ್ನನಿಗೆ ಕಿವಿ ಬಹುಮಟ್ಟಿಗೆ ಮುಚ್ಚಿಹೋಗಿತ್ತು. 1818ರಿಂದ ಅವನೊಡನೆ ಮಾತನಾಡಬಯಸುವವರು ಪುಸ್ತಕವೊಂದರಲ್ಲಿ ಬರೆದು ತೋರಿಸುತ್ತಿದ್ದರು. ಅವನು ಸಾಮಾನ್ಯವಾಗಿ ಬಾಯಿಮಾತಿನಲ್ಲಿ ಉತ್ತರ ಕೊಡುತ್ತಿದ್ದನು. ಈ ಸಂಗತಿಯನ್ನು ಓದಿದಾಗ ನನಗೆ ನೆನಪಾದುದು ನಮ್ಮ ತಂದೆಯವರ ಸ್ಲೇಟು. ಕೊನೆಯ ಆರು ವರ್ಷ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ನಾವು ಸ್ಲೇಟಿನಲ್ಲಿ ಬರೆದುದನ್ನು ಅವರು ನಿಧಾನವಾಗಿ ಓದಿ, ಯೋಚಿಸಿ, ಉತ್ತರ ಕೊಡುವಷ್ಟರಲ್ಲಿ ಮನೆಯ ಮಾತು ಎಲ್ಲಿಗೋ ಸಾಗಿರುತ್ತಿತ್ತು. ಆದರೆ ತಡವಾಗಿ ಬಂದ ಆ ಒಂದು ಮಾತು ಎಷ್ಟೋ ಸಲ ನಮ್ಮೆಲ್ಲರ ಮಾತಿಗಿಂತ ತೂಕದ್ದಾಗಿರುತ್ತಿತ್ತು. ಆಗ ಅಮ್ಮ ಕೈಯೆತ್ತಿ ನಮ್ಮನ್ನು ಸುಮ್ಮನಿರಿಸುತ್ತಿದ್ದರು.

ಮನುಷ್ಯರ ಸಂಭಾಷಣೆಯಿಂದ ಹೊರಗುಳಿಯಬೇಕಾದವನು ನಾಲ್ಕು ದನಿಗಳ ಪರಿಪೂರ್ಣವಾದ ಸಂಭಾಷಣೆಯನ್ನು ತನ್ನೊಳಗೆ ಕೇಳಿ ಬರೆದಿಟ್ಟನು. ಅದರಲ್ಲಿ ಯಾರೂ ಹೊರಗುಳಿಯುವುದಿಲ್ಲ. ಮೆಲ್ಲಗೆ ನುಡಿಯುವ ವಯೋಲಕ್ಕೂ ಅದರ ಸರದಿಯುಂಟು. ಬೀಥೋವನ್ನನ ಹಿರಿಮೆಯನ್ನು ಅಳೆಯುವ ಪಾಂಡಿತ್ಯ ನನಗಿಲ್ಲ. ಆದರೆ ಅವನ ಸಂಗೀತ ಕಲಿಸುವ ಈ ಮರ್ಯಾದೆ ಮಾತ್ರ ನನ್ನಂಥ ಹೊಸಬನಿಗೂ ಅರ್ಥವಾಗುತ್ತದೆ.

ಇಂದು ಈ ಧ್ವನಿಮುದ್ರಿಕೆಗಳು ಅಂಗೈಯಲ್ಲಿನ ಫೋನಿನಲ್ಲಿಯೇ ದೊರೆಯುತ್ತವೆ. ಎಳೆಯರಾದ ನೀವು ಒಂದನ್ನಾದರೂ ನಾಲ್ಕು ಸಲ ಕೇಳಿ ನೋಡಿ, ಪ್ರತಿ ಸಲವೂ ಬೇರೆ ಬೇರೆ ವಾದ್ಯವನ್ನು ಹಿಂಬಾಲಿಸಿ. ಹಾಗೆ ಪಳಗಿದ ಕಿವಿಯನ್ನು ನಿಮ್ಮ ತರಗತಿಗೂ ಮನೆಗೂ ಕೊಂಡೊಯ್ಯಿರಿ. ಎಲ್ಲರೂ ಕೂಡಿ ಮಾತನಾಡುವಲ್ಲಿ ಮೆಲುದನಿಯವರೊಬ್ಬರು ಇದ್ದೇ ಇರುತ್ತಾರೆ.