ಚೊಗರಿನ ಹಾಗಲ್ಲ ಈ ಲೇಪ

ನಮ್ಮ ಬಸವಾಪಟ್ಟಣದ ಕಡೆಯವರಿಗೆ ಕೋಟಿಂಗ್ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆ ಸುಗ್ಗಿ ಶುರುವಾದ್ರೆ ಸಾಕು, ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಬೇಯೋದು, ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗೋದು, ಆ ಚೊಗರು ಹತ್ತಿದ ಅಡಿಕೆ ಬಿಸಿಲಿಗೆ ಒಣಗಿ ಕೆಂಪಗೆ ಮಿಂಚೋದು... ಒಳಗಿನ ಅಡಿಕೆ ಅದೇ, ಮೇಲಿನ ಬಣ್ಣ ಚೆನ್ನಾಗಿದ್ರೆ ರೇಟು ಬೇರೆ. ಹಾಗಾಗಿ 2023ರ ಅಕ್ಟೋಬರಿನಲ್ಲಿ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮಪ್ಪ ನನ್ನನ್ನ ಕೇಳಿದ ಪ್ರಶ್ನೆ ಇದು: "ಏನಪ್ಪಾ, ಕೋಟಿಂಗ್ ಇರೋದು ಅಂತಾರಲ್ಲ, ಅದೇನು ಚೊಗರು ಹತ್ತಿಸಿದಂಗಾ?"

ತೋಟದ ಕಾಲುವೆ ದಾಟುವಾಗ ಕಾಲು ಜಾರಿ ಬಿದ್ದಿದ್ರು. ವಯಸ್ಸು 78. ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲಿ, ಡಾಕ್ಟರ ಭಾಷೆಯಲ್ಲಿ ಮೂಳೆಯ ಕತ್ತಿನಲ್ಲೇ, ಮುರಿದಿತ್ತು. ಮುರಿದ ತಲೆ ತೆಗೆದು ಲೋಹದ ತಲೆ ಕೂರಿಸಬೇಕು. ಅದರ ಕೆಳಗಿನ ಉದ್ದನೆಯ ಕಾಂಡ ತೊಡೆಮೂಳೆಯ ಪೊಳ್ಳಿನೊಳಗೆ ಇಳಿಯುತ್ತೆ. ಆ ಕಾಂಡವನ್ನ ಮೂಳೆಗೆ ಹಿಡಿಸೋಕೆ ಎರಡು ದಾರಿ: ಒಂದು ಸಿಮೆಂಟು, ಇನ್ನೊಂದು ಸಿಮೆಂಟಿಲ್ಲದೆ ಲೇಪನ ಇರೋ ಕಾಂಡ. ಡಾಕ್ಟರು ಸಿಮೆಂಟಿನದೇ ಸಾಕು ಅಂದ್ರು. ನಮ್ಮ ಸೋದರಮಾವ ನನ್ನನ್ನ ಕಾರಿಡಾರಿಗೆ ಎಳ್ಕೊಂಡು ಹೋಗಿ, "ದುಡ್ಡಿನ ಮುಖ ನೋಡಬ್ಯಾಡ ಮಾರಾಯ, ಜಾಸ್ತಿ ರೇಟಿಂದು ಕೋಟಿಂಗ್ ಇರೋದೇ. ಸಿಮೆಂಟು ಹಾಕಾಕೆ ಇದೇನು ಕಟ್ಟಡಾನಾ?" ಅಂದ್ರು. ಸಂಜೆಯೊಳಗೆ ಹೇಳಬೇಕಿತ್ತು.

ನಾನು ಡಾಕ್ಟರಲ್ಲ. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರೋ ಜನ. ಆದ್ರೂ ಆ ಮಧ್ಯಾಹ್ನ ಮೊಬೈಲಿನಲ್ಲಿ ಓದಿದ್ದು, ಆಮೇಲೆ ಕುತೂಹಲ ಬಿಡದೆ ತಿಂಗಳುಗಟ್ಟಲೆ ಓದಿದ್ದು, ಎಲ್ಲಾ ಸೇರಿಸಿ ಇಲ್ಲಿ ಬರೀತಿದೀನಿ. ಮನೆಯಲ್ಲಿ ವಯಸ್ಸಾದವರಿರೋ ನಿಮಗೆಲ್ಲ ಒಂದಲ್ಲ ಒಂದಿನ ಈ ಪ್ರಶ್ನೆ ಎದುರಾಗಬಹುದು.

ಮೊದಲು ಹಳೇ ಕಥೆ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ವಿಜ್ಞಾನಿ ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂನ ಪುಟ್ಟ ಸಾಧನ ಇಟ್ಟು ರಕ್ತ ಸಂಚಾರ ನೋಡ್ತಿದ್ರು. ಕೆಲಸ ಮುಗಿದ ಮೇಲೆ ತೆಗೆಯೋಕೆ ಹೋದ್ರೆ ಬರ್ತಾನೇ ಇಲ್ಲ! ಮೂಳೆ ಅದನ್ನ ಕಚ್ಚಿಕೊಂಡುಬಿಟ್ಟಿತ್ತು. ಟೈಟಾನಿಯಂ ಮೇಲೆ ತಾನಾಗೇ ಕಟ್ಟುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತಲ್ಲ, ಮೂಳೆ ನಿಜವಾಗಿ ಮುಟ್ಟೋದು ಅದನ್ನ. (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ.) 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ಹಲ್ಲಿನ ಬೇರು ಹಾಕಿದ್ರು. ಆಮೇಲೆ ಬರೀ ಟೈಟಾನಿಯಂಗೆ ತೃಪ್ತಿಯಾಗದೆ ಮೂಳೆಯಲ್ಲೇ ಇರುವ ಖನಿಜವನ್ನ ಹೋಲುವ ಹೈಡ್ರಾಕ್ಸಿಅಪಟೈಟ್ ಅನ್ನೋ ಕ್ಯಾಲ್ಸಿಯಂ ಫಾಸ್ಫೇಟನ್ನ ಲೋಹದ ಮೇಲೆ ಬಳಿಯೋದು ಶುರುವಾಯ್ತು. ಲಂಡನ್ನಿನ ಫರ್ಲಾಂಗ್ ಅನ್ನೋ ಡಾಕ್ಟರು ಇಂಥ ಲೇಪದ ಸೊಂಟದ ಕೀಲನ್ನ 1985ರಲ್ಲಿ ಹಾಕಿದ್ರು.

ಈಗ ಅಪ್ಪನ ಪ್ರಶ್ನೆಗೆ ಬರ್ತೀನಿ. ಚೊಗರು ನೋಡೋ ಕಣ್ಣಿಗೆ. ಈ ಲೇಪ ಯಾರಿಗೆ? ಮೂಳೆಯ ಮಜ್ಜೆಯಲ್ಲಿರೋ ಸ್ಟೆಮ್ ಸೆಲ್‌ಗಳಿಗೆ, ಕನ್ನಡದಲ್ಲಿ ಆಕರಕೋಶ ಅಂತಾರಲ್ಲ, ಅವಕ್ಕೆ. ಇವು ಇನ್ನೂ ಯಾವ ಕಸುಬಿಗೂ ಸೇರದ ಹುಡುಗರಿದ್ದ ಹಾಗೆ. ಮೂಳೆಕೋಶ ಆಗಬಹುದು, ಕೊಬ್ಬಿನ ಕೋಶ ಆಗಬಹುದು, ಮೃದ್ವಸ್ಥಿಯೂ ಆಗಬಹುದು. ಲೋಹ ಒಳಗೆ ಹೋದ ತಕ್ಷಣ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ತವೆ. ಯಾವ ಪ್ರೋಟೀನು, ಹೇಗೆ ಅಂಟುತ್ತೆ ಅನ್ನೋದನ್ನ ಲೇಪ ತೀರ್ಮಾನಿಸುತ್ತೆ. ಹಿಂದೆಯೇ ಬರೋ ಆಕರಕೋಶ ಆ ಪ್ರೋಟೀನುಗಳನ್ನ ಹಿಡ್ಕೊಂಡು ಮೇಲ್ಮೈಯನ್ನ ತಡಕಾಡುತ್ತೆ. ಚೆನ್ನಾಗಿ ಹಿಡಿತ ಸಿಕ್ಕಿ ಮೈ ಚಾಚಿ ಬಿಗಿಯಾಗಿ ಕೂತ್ರೆ ಮೂಳೆಯ ಕಡೆ ಹೊರಳುತ್ತೆ, ಹಿಡಿತ ಸಿಗದೆ ಗುಂಡಗೆ ಮುದುರಿಕೊಂಡ್ರೆ ಕೊಬ್ಬಿನ ಕಡೆ.

ನನ್ನ ನಿದ್ದೆಗೆಡಿಸಿದ್ದು 2007ರ ಒಂದು ಪ್ರಯೋಗ. ಗ್ಲಾಸ್ಗೋದ ಡಾಲ್ಬಿ ಮತ್ತು ಸಂಗಡಿಗರು ಪ್ಲಾಸ್ಟಿಕ್ ಮೇಲೆ 120 ನ್ಯಾನೋಮೀಟರ್ ಅಗಲ, 100 ನ್ಯಾನೋಮೀಟರ್ ಆಳದ ಗುಳಿಗಳನ್ನ ಒತ್ತಿದ್ರು. ಸಾಲಾಗಿ, ಅಚ್ಚುಕಟ್ಟಾಗಿ ಒತ್ತಿದ ಗುಳಿಗಳ ಮೇಲೆ ಆಕರಕೋಶಗಳು ಅಷ್ಟೇನೂ ಉತ್ಸಾಹ ತೋರಿಸಲಿಲ್ಲ. ಅದೇ ಗುಳಿಗಳನ್ನ ಸಾಲಿನಿಂದ ಸ್ವಲ್ಪ ಆಚೀಚೆ ಸರಿಸಿ ಒತ್ತಿದ್ರೆ ಮೂಳೆಯ ಖನಿಜ ಕಟ್ಟೋಕೆ ಶುರುಮಾಡಿದ್ವು, ಅದೂ ಯಾವ ಔಷಧಿಯನ್ನೂ ಹಾಕದೆ! ತೀರಾ ಅಚ್ಚುಕಟ್ಟೂ ಬೇಡ, ತೀರಾ ಅಡ್ಡಾದಿಡ್ಡಿಯೂ ಬೇಡ. ಇನ್ನೊಂದು ತಮಾಷೆ ಏನು ಗೊತ್ತಾ? ಆ ಪ್ಲಾಸ್ಟಿಕ್ ಒಂದು ಅಕ್ರಿಲಿಕ್. ನಮ್ಮ ಮಾವ ಬೈದ ಮೂಳೆಯ ಸಿಮೆಂಟೂ ಅದೇ ಜಾತಿಯ ಅಕ್ರಿಲಿಕ್! ಕಟ್ಟಡದ ಸಿಮೆಂಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಇಂಥ ಕೆಲಸ ನಡೆದಿದೆ. ಕೌಶಿಕ್ ಚಟರ್ಜಿ, ಸತ್ಯಂ ಸುವಾಸ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಕೆಲಸವಂತೂ ನನಗೆ ಬಹಳ ಇಷ್ಟ ಆಯ್ತು. ಮೂಳೆಗೆ ಹಾಕುವ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲನ್ನೇ ತಗೊಂಡು ಅದರ ಮೇಲ್ಮೈಯನ್ನ ಬಡಿದು ಬಡಿದು, ಮೇಲ್ಪದರದ ಲೋಹದ ಹರಳುಗಳು ನ್ಯಾನೋ ಗಾತ್ರಕ್ಕೆ ಪುಡಿಯಾಗುವ ಹಾಗೆ ಮಾಡಿದ್ರು. ಹೊರಗಿಂದ ಏನನ್ನೂ ಬಳಿಯಲಿಲ್ಲ. ಮೂಳೆ ಕಟ್ಟುವ ಕೋಶಗಳು ಅದರ ಮೇಲೆ ಹೆಚ್ಚು ಅಂಟಿದ್ವು, ಹೆಚ್ಚು ಬೆಳೆದ್ವು. ಒರಟುತನ ಬದಲಾಗಿರಲಿಲ್ಲ, ನೀರು ಹರಡುವ ಗುಣವೂ ಬದಲಾಗಿರಲಿಲ್ಲ. ಬದಲಾಗಿದ್ದು ಮೇಲಿನ ಆಕ್ಸೈಡ್ ಪದರದ ಸ್ವಭಾವ. ನಮ್ಮ ಕಣ್ಣಿಗಾಗಲಿ ಬೆರಳಿಗಾಗಲಿ ಗೊತ್ತಾಗದ್ದು ಕೋಶಕ್ಕೆ ಗೊತ್ತಾಗುತ್ತೆ ಕಣ್ರೀ.

ಇಷ್ಟೆಲ್ಲ ಓದಿದ ಮೇಲೆ ಕೋಟಿಂಗ್ ಇರೋದನ್ನೇ ಹಾಕಿಸೋಣ ಅಂತ ತಾನೆ ಅನ್ನಿಸಬೇಕು? ತಡೀರಿ.

ಲೇಪದ ಮೇಲೆ ಮೂಳೆ ಬೆಳೆಯೋಕೆ ವಾರಗಟ್ಟಲೆ ಬೇಕು. ಅಲ್ಲಿವರೆಗೆ ಕಾಂಡ ಅಲುಗಾಡಬಾರದು. ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು ಅಲುಗಿದ್ರೂ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದು, ಜಾಯಿಂಟು ಸಡಿಲವಾಗಿಯೇ ಉಳಿದುಬಿಡಬಹುದು. ಅಲುಗಬಾರದು ಅಂದ್ರೆ ಕಾಂಡವನ್ನ ಮೂಳೆಯೊಳಗೆ ಬಿಗಿಯಾಗಿ ಬಡಿದು ಕೂರಿಸಬೇಕು. ಐವತ್ತು ವರ್ಷದವರ ಗಟ್ಟಿ ಮೂಳೆ ಅದನ್ನ ತಡೆಯುತ್ತೆ. 78ರ ಟೊಳ್ಳು ಮೂಳೆ? ಸೀಳಬಹುದು. ಅಲ್ಲದೆ ವಯಸ್ಸಾದಂತೆ ಮಜ್ಜೆಯ ಆಕರಕೋಶಗಳೂ ಕಡಿಮೆಯಾಗ್ತವೆ, ಮೂಳೆ ಬಿಟ್ಟು ಕೊಬ್ಬಿನ ಕಡೆ ವಾಲ್ತವೆ. ಲೇಪ ಎಷ್ಟು ಚೆನ್ನಾಗಿ ಕರೆದ್ರೂ ಬರೋರು ಇರಬೇಕಲ್ಲ!

ಇದನ್ನ ಲೆಕ್ಕ ಹಾಕಿಯೂ ನೋಡಿದ್ದಾರೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಅಪ್ಪನ ಹಾಗೇ ಸೊಂಟ ಮುರಿದ, 60 ದಾಟಿದ 1225 ಜನರಿದ್ರು. ಅರ್ಧ ಜನಕ್ಕೆ ಸಿಮೆಂಟು, ಅರ್ಧ ಜನಕ್ಕೆ ಸಿಮೆಂಟಿಲ್ಲದ ಹೊಸ ಬಗೆಯದು. ಕಾಂಡದ ಸುತ್ತ ಮೂಳೆ ಮತ್ತೆ ಮುರಿದಿದ್ದು ಸಿಮೆಂಟಿನವರಲ್ಲಿ ನೂರಕ್ಕೆ 0.5, ಸಿಮೆಂಟಿಲ್ಲದವರಲ್ಲಿ 2.1. ಸಿಮೆಂಟಿನವರ ಓಡಾಟ, ಬದುಕು ಕೂಡ ಸ್ವಲ್ಪ ಮೇಲು. ಸಿಮೆಂಟು ಅಪಾಯವೇ ಇಲ್ಲದ್ದು ಅಂತಲ್ಲ. ಅದನ್ನ ಒತ್ತುವ ಹೊತ್ತಿನಲ್ಲಿ ಅಪರೂಪಕ್ಕೆ ಬಿಪಿ ಸರ್ರನೆ ಇಳಿಯುತ್ತೆ. ಡಾಕ್ಟರು ಅದನ್ನೂ ಮುಚ್ಚಿಡದೆ ಹೇಳಿದ್ರು.

ನಾನು ಸಿಮೆಂಟಿಗೆ ಸಹಿ ಹಾಕಿದೆ. ಮಾವ ಎರಡು ದಿನ ಮಾತು ಬಿಟ್ರು. ಅಪ್ಪನಿಗೆ ಹೀಗೆ ಹೇಳಿದೆ: "ಚೊಗರಿನಂಗಲ್ಲಪ್ಪಾ, ಅದು ಅಡಿಕೆ ಗೋಟನ್ನ ಮಡೀಲಿ ಹಾಕಿದಂಗೆ. ಮಣ್ಣು ಹದವಾಗಿದ್ರೆ ಬೇರು ಬಿಡುತ್ತೆ, ಆದ್ರೆ ಟೈಮ್ ಬೇಕು." ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ನನ್ನ ಮಣ್ಣು ಹಳೇದಾಗೈತಿ ಅಂತೀಯ" ಅಂದ್ರು. ಆಪರೇಷನ್ನಿನ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದ್ರು. 78ರ ಮುದುಕರಿಗೆ ಆ ಒಂದು ದಿನ ಎಷ್ಟು ದೊಡ್ಡದು ಅಂತ ಹಾಸಿಗೆ ಹಿಡಿದವರನ್ನ ನೋಡಿಕೊಂಡವರಿಗೆ ಗೊತ್ತು.

ಹಾಗಂತ ಲೇಪವೇ ದಂಡ ಅಂತ ಯಾರೂ ಅಂದ್ಕೊಬೇಡಿ. ನಮ್ಮ ಅತ್ತಿಗೆಗೆ 41. ಈ ವರ್ಷ ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿದ್ದಾರೆ, ಇನ್ನೂ ಮೇಲಿನ ಹಲ್ಲು ಕೂರಿಸಿಲ್ಲ. ಬ್ರೋನೆಮಾರ್ಕ್ ಕಾಲದ ನುಣುಪು ಸ್ಕ್ರೂ ಆಗಿದ್ರೆ ಮೂರರಿಂದ ಆರು ತಿಂಗಳು ಕಾಯಬೇಕಿತ್ತು. ಈಗ ಮರಳು ರಾಚಿ, ಆಸಿಡ್ಡಲ್ಲಿ ಅದ್ದಿ ಒರಟು ಮಾಡಿದ ಮೇಲ್ಮೈ ಬಂದ ಮೇಲೆ ಗಟ್ಟಿ ದವಡೆಯವರಿಗೆ ಆರೆಂಟು ವಾರ ಸಾಕಾಗುತ್ತೆ. ಅತ್ತಿಗೆಗೆ ಅದೂ ಜಾಸ್ತಿಯಾಗಿದೆ. ಮೊನ್ನೆ ಫೋನಿನಲ್ಲಿ, ಒಂದೇ ಕಡೆ ಅಗಿದು ಅಗಿದು ಸಾಕಾಗೈತಿ, ಮಂಡಕ್ಕಿ ಮಿರ್ಚಿ ತಿನ್ನೋಕೆ ಇನ್ನೂ ಮೂರು ವಾರ ಕಾಯಬೇಕಂತೆ ಅಂತ ಡಾಕ್ಟರನ್ನ ಬೈಕೊಳ್ತಿದ್ರು.