ಮೀನುಣ್ಣುವ ಕಾಡು

ವ್ಯಾಂಕೂವರಿನಿಂದ ಪುಟ್ಟ ವಿಮಾನದಲ್ಲಿ ಬೆಲ್ಲಾ ಬೆಲ್ಲಾ, ಅಲ್ಲಿಂದ ಮುಂದಕ್ಕೆ ದೋಣಿ. ಕೆನಡಾದ ಪಶ್ಚಿಮ ಅಂಚಿನ ಈ ಕರಾವಳಿಯಲ್ಲಿ ಊರಿಂದೂರಿಗೆ ರಸ್ತೆಯಿಲ್ಲ. ಎಡಕ್ಕೂ ಬಲಕ್ಕೂ ದ್ವೀಪಗಳು, ನೀರಿನಂಚಿನಿಂದಲೇ ನೆಟ್ಟಗೆ ಎದ್ದ ಬೆಟ್ಟಗಳು, ಅವುಗಳ ಮೈತುಂಬ ಸೀಡರ್, ಸ್ಪ್ರೂಸ್, ಹೆಮ್‌ಲಾಕ್ ಮರಗಳು. ಮಳೆ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಆಗುಂಬೆಯ ಆಷಾಢ ಕಂಡ ನನಗೂ ಇಷ್ಟು ತಣ್ಣನೆಯ ಮಳೆಕಾಡು ಹೊಸದು. ‘ಗ್ರೇಟ್ ಬೇರ್ ರೇನ್‌ಫಾರೆಸ್ಟ್’ ಎನ್ನುವ ಇದರ ಹರವು 64 ಲಕ್ಷ ಹೆಕ್ಟೇರ್. ಅಂದರೆ ಕರ್ನಾಟಕದ ಮೂರನೇ ಒಂದು ಭಾಗದಷ್ಟು!

ಸ್ವಿಂಡಲ್ ದ್ವೀಪದ ಕ್ಲೆಮ್ಟು ಹಳ್ಳಿಯಲ್ಲಿ, ನೀರಿಗೆ ಮುಖಮಾಡಿದ ಮರದ ಕಟ್ಟಡವೇ ಸ್ಪಿರಿಟ್ ಬೇರ್ ಲಾಡ್ಜ್. ಒಡೆತನ ಕಿಟಾಸೂ–ಹೈಹೈಸ್ ಮೂಲನಿವಾಸಿಗಳದ್ದು. ನುಡಿ ಬೇರೆಯಾದ ಎರಡು ಸಮುದಾಯಗಳು ಒಂದಾಗಿ ಬಾಳುತ್ತಿರುವ ಊರಿದು. ಹಿಂದೆ ಗೈಡ್ ಆಗಿ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದ ಡಗ್ ನೀಸ್ಲಾಸ್ ಮುಂದೆ ಇಲ್ಲಿನ ಚುನಾಯಿತ ಮುಖ್ಯಸ್ಥರೇ ಆದರು. ಊರವರೆಲ್ಲ ಸೇರುವ ‘ಬಿಗ್ ಹೌಸ್’ ಕಟ್ಟಿದ್ದು ಇದೇ ಕಾಡಿನ ಸೀಡರ್ ಮರದಿಂದ. ಹಿರಿಯರ ದೋಣಿ, ಹಗ್ಗ, ಬುಟ್ಟಿ ಎಲ್ಲಕ್ಕೂ ಅದೇ ಮರ. ತೊಗಟೆಯ ಉದ್ದನೆ ಪಟ್ಟಿಯನ್ನಷ್ಟೇ ಸುಲಿದುಕೊಂಡು ಬಿಟ್ಟ ಮರಗಳು, ಆ ಗಾಯ ಹೊತ್ತೇ ಕಾಡಿನಲ್ಲಿ ಇಂದಿಗೂ ಬೆಳೆಯುತ್ತಿವೆ.

ಮಾರನೆಯ ಬೆಳಿಗ್ಗೆ ದೋಣಿ ನಮ್ಮನ್ನು ಒಂದು ಹೊಳೆಯ ಅಳಿವೆಯಲ್ಲಿ ಇಳಿಸಿತು. ಸೆಪ್ಟೆಂಬರ್, ಸಾಲ್ಮನ್ ಮೀನುಗಳು ಕಡಲಿನಿಂದ ತವರಿನ ಹೊಳೆಗೆ ಮರಳುವ ಕಾಲ. ಮೊಣಕಾಲು ಮುಳುಗದ ನೀರಿನಲ್ಲಿ ಮೀನುಗಳ ನೂಕುನುಗ್ಗಲು. ಮೊಟ್ಟೆಯಿಟ್ಟು ಇಲ್ಲೇ ಸಾಯುವುದಕ್ಕೆ ಇಷ್ಟೊಂದು ಅವಸರವೇ ಎನಿಸಿತು. ಪಾಚಿ ಮೆತ್ತಿದ ದಿಮ್ಮಿಯ ಮೇಲೆ ಕುಳಿತು ಕಾದೆವು. ಮಾತಿಲ್ಲ, ಬಾಯಿ ತೆರೆದರೆ ಗೈಡಿನ ಕಣ್ಣೇ ಗದರುತ್ತಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎದುರು ದಡದ ಪೊದೆ ಅಲುಗಿತು. ಬಂದದ್ದು ಬಿಳಿ ಕರಡಿ, ಲಾಡ್ಜಿನ ಹೆಸರಿನಲ್ಲಿರುವ ಅದೇ ‘ಸ್ಪಿರಿಟ್ ಬೇರ್’!

ಬಿಳಿ ಎಂದೆ, ಆದರೆ ಹಾಲಿನ ಕೆನೆಯ ಬಣ್ಣ. ಮೂಗು ಕಪ್ಪು, ಕಣ್ಣೂ ಕಪ್ಪು. ಹಿಮಕರಡಿಯಲ್ಲ, ಚರ್ಮದ ಬಣ್ಣ ಕಳೆದುಕೊಂಡದ್ದೂ ಅಲ್ಲ. ಇದು ಅಮೆರಿಕದ ಕಪ್ಪು ಕರಡಿಯೇ. ತಂದೆತಾಯಿ ಇಬ್ಬರಿಂದಲೂ ಒಂದು ಅಡಗಿದ ವಂಶವಾಹಿ ಬಂದರೆ ಮಾತ್ರ ಮರಿ ಬೆಳ್ಳಗಾಗುತ್ತದೆ. ಹಾಗಾಗಿ ಕಪ್ಪು ತಾಯಿಯ ಮಡಿಲಲ್ಲೂ ಬಿಳಿ ಮರಿ ಹುಟ್ಟಬಹುದು. ವಿಕ್ಟೋರಿಯಾ ವಿಶ್ವವಿದ್ಯಾಲಯದ ಟಾಮ್ ರೈಮ್‌ಚೆನ್ ಮತ್ತು ಸಂಗಡಿಗರು ಕಂಡಂತೆ, ಹಗಲಿನ ಮೀನುಬೇಟೆಯಲ್ಲಿ ಬಿಳಿಯದಕ್ಕೇ ಮೇಲುಗೈ. ಬೆಳ್ಳನೆಯ ಆಕಾಶದೆದುರು ಅದು ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ನಮ್ಮೆದುರೂ ಒಂದೇ ಏಟಿಗೆ ಮೀನು ಬಾಯಲ್ಲಿತ್ತು. ಕಚ್ಚಿಕೊಂಡು ಮರಗಳ ನಡುವೆ ನಡೆದೇಬಿಟ್ಟಿತು.

ಹಿಂದೆಯೇ ಹೋಗಿ ನೋಡಿದಾಗ ಇನ್ನೊಂದು ಬೆರಗು. ಹೊಳೆಯಿಂದ ದೂರದಲ್ಲೂ ಮರದ ಬುಡದಲ್ಲೆಲ್ಲ ಅರೆ ತಿಂದ ಮೀನುಗಳು. ಹೊಟ್ಟೆ ತುಂಬಿದ ಕರಡಿ ತಲೆ, ಮೊಟ್ಟೆ ತಿಂದು ಉಳಿದದ್ದನ್ನು ಬಿಟ್ಟು ಹೋಗುತ್ತದೆ. ಹುಳು, ಹಕ್ಕಿ, ಮಣ್ಣು ಅದನ್ನು ಹಂಚಿಕೊಳ್ಳುತ್ತವೆ. ಕಡಲಿನ ಸಾರಜನಕದ ಗುರುತು ಈ ಮರಗಳ ವರ್ಷವಲಯಗಳಲ್ಲೇ ಸಿಕ್ಕಿದೆ. ತಲೆಯೆತ್ತಿದರೆ ತುದಿ ಕಾಣದ ಆ ಮರಗಳು ಪೆಸಿಫಿಕ್ ಸಾಗರವನ್ನು ಉಂಡು ಬೆಳೆದವು!

ತುಪ್ಪಳದ ವ್ಯಾಪಾರಿಗಳು ಬಂದ ಕಾಲದಲ್ಲಿ ಈ ಕರಾವಳಿಯ ಹಿರಿಯರು ಬಿಳಿ ಕರಡಿಯ ಸುದ್ದಿಯನ್ನೇ ಹೊರಗೆ ಆಡಲಿಲ್ಲವಂತೆ. ಅಂದು ಬಚ್ಚಿಟ್ಟು ಉಳಿಸಿದವರ ಮೊಮ್ಮಕ್ಕಳು ಇಂದು ತೋರಿಸಿ ಉಳಿಸುತ್ತಿದ್ದಾರೆ. ಈ ಕಾಡಿನಲ್ಲಿ ಕರಡಿ ಬೇಟೆಗೆ ಬಂದವರಿಗಿಂತ ಕರಡಿ ನೋಡಲು ಬಂದವರು ಹನ್ನೆರಡು ಪಟ್ಟು ಹೆಚ್ಚು ಖರ್ಚು ಮಾಡುತ್ತಾರೆಂದು 2014ರ ಅಧ್ಯಯನವೊಂದು ಹೇಳಿತು. 2016ರ ಒಪ್ಪಂದ ಇಲ್ಲಿನ ಶೇ. 85ರಷ್ಟು ಅರಣ್ಯವನ್ನು ಮರದ ಕಂಪನಿಗಳಿಂದ ದೂರವಿಟ್ಟಿತು. 2017ರಲ್ಲಿ ಪ್ರಾಂತ್ಯದ ಸರ್ಕಾರ ಗ್ರಿಜ್ಲಿ ಕರಡಿಗಳ ಬೇಟೆ ನಿಲ್ಲಿಸಿತು. 2022ರಲ್ಲಿ ಕಿಟಾಸೂ–ಹೈಹೈಸ್ ನೆಲದ ಬಹುಭಾಗದಲ್ಲಿ ಕಪ್ಪು ಕರಡಿಗೂ ರಕ್ಷಣೆ ಸಿಕ್ಕಿತು. ಕಪ್ಪನೆಯದನ್ನು ಕೊಂದರೆ ಅದರೊಳಗೆ ಅಡಗಿದ ಬಿಳುಪೂ ಸತ್ತಂತೆ ತಾನೆ?

ಅದೇ ವರ್ಷ ಈ ಜನ ಇನ್ನೊಂದು ಕೆಲಸ ಮಾಡಿದರು. ಹೆರಿಂಗ್ ಮೀನು ಮೊಟ್ಟೆಯಿಡುವ ಕಿಟಾಸು ಕೊಲ್ಲಿಯನ್ನು ಸರ್ಕಾರದ ತೀರ್ಮಾನಕ್ಕೆ ಕಾಯದೆ ತಾವೇ ಸಂರಕ್ಷಿತ ಕಡಲೆಂದು ಸಾರಿದರು. ಅವರದೇ ಕಾವಲು ದೋಣಿಗಳು ಅಲ್ಲಿ ತಿರುಗುತ್ತಿರುತ್ತವೆ. ಸಾವಿರಾರು ವರ್ಷ ಈ ನೀರಿನಿಂದಲೇ ಉಂಡವರು ಅದನ್ನು ಕಾಯಲು ಅಪ್ಪಣೆ ಕೇಳಬೇಕಾದರೂ ಯಾರನ್ನು?